ಎರಡು ಬಗೆಯ ಗುಂಡು, ಒಂದು ಸ್ಕೋಪ್

ರೈಫಲಿನ ಮೇಲೆ ಕೂರಿಸುವ ದುರ್ಬೀನುಗಳಲ್ಲಿ ಅಣ್ಣ ಆ ಸ್ಕೋಪನ್ನು ಆರಿಸಿದ್ದು ಅದು ಎಲ್ಲಕ್ಕಿಂತ ದೊಡ್ಡದಾಗಿ ತೋರಿಸಿತು ಎಂಬ ಒಂದೇ ಕಾರಣಕ್ಕೆ. ಅಂಗಡಿಯವನು ಅದನ್ನು ಬಾಗಿಲ ಬಳಿ ಅವನ ಕೈಗೆ ಕೊಟ್ಟು, ರಸ್ತೆಯಾಚೆಯ ಕಟ್ಟಡದ ತುದಿಯಲ್ಲಿ ಕೂತಿದ್ದ ಪಾರಿವಾಳವನ್ನು ನೋಡಲು ಹೇಳಿದ. "ಅದರ ಕಣ್ಣಿನ ಕೆಂಪು ಕೂಡ ಕಾಣ್ತಾ ಇದೆ ಕಣೇ!" ಎಂದು ಅಣ್ಣ ಬಾಯಿತುಂಬ ನಕ್ಕ.

ರೈಫಲ್ ಅಪ್ಪನದು. ಹೂಡಿಯಲ್ಲಿ ನಮಗೆ ಹೊಲವಿದ್ದ ಕಾಲದಲ್ಲಿ, ರಾಗಿಗೆ ನುಗ್ಗುವ ಹಂದಿಗಳ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿದ್ದರು. ಆ ಹೊಲದಲ್ಲಿ ಈಗ ಗಾಜಿನ ಆಫೀಸುಗಳಿವೆ. ಅಪ್ಪ ಹೋದ ಮೇಲೆ ರೈಫಲ್ ಅಣ್ಣನ ಹೆಸರಿಗೆ ಬಂತು. ನಾನು ಕಾಲೇಜಿನ ದಿನಗಳಿಂದಲೂ ಗುರಿ ಹೊಡೆಯುವ ಸ್ಪರ್ಧೆಗಳಿಗೆ ಹೋಗುತ್ತಿದ್ದವಳು. ನನಗೆ ನನ್ನದೇ ರೈಫಲ್ ಇತ್ತು. ನನ್ನನ್ನು ನೋಡಿ ಅವನಿಗೂ ಮುನ್ನೂರು ಮೀಟರಿನ ಸ್ಪರ್ಧೆಗೆ ಇಳಿಯುವ ಹುಚ್ಚು ಹತ್ತಿತು.

ಅವನ ಬಳಿ ಎರಡು ಬಗೆಯ ಗುಂಡುಗಳಿದ್ದವು: ಅಭ್ಯಾಸಕ್ಕೆ ಹಗುರವಾದವು, ಸ್ಪರ್ಧೆಗೆ ಭಾರದವು. ಅಷ್ಟು ದೂರ ಹೋಗುವಷ್ಟರಲ್ಲಿ ಭಾರದ ಗುಂಡು ಹಗುರದ್ದಕ್ಕಿಂತ ಗೇಣುದ್ದ ಕೆಳಗಿಳಿದಿರುತ್ತದೆ, ಕೊಂಚ ಪಕ್ಕಕ್ಕೂ ಸರಿದಿರುತ್ತದೆ. ಹಾಗಾಗಿ ಗುಂಡು ಬದಲಾಯಿಸಿದಾಗ ಸ್ಕೋಪಿನ ಮೇಲಿನ ತಿರುಪನ್ನು ಲೆಕ್ಕಕ್ಕೆ ಸರಿಯಾಗಿ ತಿರುಗಿಸಬೇಕು. ಹಿಂದಕ್ಕೆ ತಂದಾಗ ಅದು ಮೊದಲಿದ್ದ ಜಾಗದಲ್ಲೇ ನಿಲ್ಲಬೇಕು. ಇನ್ನೊಂದು ಮಾತೂ ಇದೆ. ಭಾರದ ಗುಂಡು ಹೊಡೆದಾಗ ರೈಫಲ್ ಜೋರಾಗಿ ಹಿಂದಕ್ಕೆ ಒದೆಯುತ್ತದೆ. ಕಣ್ಣಿಗೂ ಗಾಜಿಗೂ ನಡುವೆ ನಾಲ್ಕು ಬೆರಳಿನಷ್ಟಾದರೂ ಜಾಗ ಬೇಕು. ಅಣ್ಣ ಮೆಚ್ಚಿದ ಸ್ಕೋಪಿನಲ್ಲಿ ಚಿತ್ರ ಪೂರ್ತಿ ಕಾಣಬೇಕಾದರೆ ಕಣ್ಣನ್ನು ಗಾಜಿನ ಹತ್ತಿರಕ್ಕೇ ಒಯ್ಯಬೇಕಿತ್ತು.

"ಇದು ಬೇಡಣ್ಣ, ಹುಬ್ಬು ಸೀಳುತ್ತೆ," ಎಂದೆ. ಅಷ್ಟು ದೊಡ್ಡದಾಗಿ ತೋರಿಸದ, ಆದರೆ ತಿರುಪು ಗಟ್ಟಿಯಾಗಿದ್ದ ಇನ್ನೊಂದನ್ನು ಅವನ ಮುಂದಿಟ್ಟೆ.

"ನೀನ್ ಸುಮ್ನಿರು. ನಾನೇನ್ ಮಾಡಿದ್ರೂ ಒಂದು ಕೊಂಕು ತೆಗೀಲೇಬೇಕು ನಿಂಗೆ."

ಮುಂದಿನ ಭಾನುವಾರ ಬೆಳಿಗ್ಗೆ ಗುರಿ ಅಭ್ಯಾಸ ಮಾಡುವ ಊರಾಚೆಯ ರೇಂಜಿಗೆ ಹೋದೆವು. ಹಗುರ ಗುಂಡುಗಳು ಚೆನ್ನಾಗಿಯೇ ಬಿದ್ದವು. ಅಣ್ಣ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಆಮೇಲೆ ಭಾರದ ಗುಂಡು ತುಂಬಿ, ಗಾಜಿಗೆ ಮುಖ ಒತ್ತಿ ಟ್ರಿಗರ್ ಎಳೆದ. ಸದ್ದಿನ ಹಿಂದೆಯೇ ಅವನ ಕೂಗು ಕೇಳಿತು. ಸ್ಕೋಪಿನ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರದಂತೆ ಕೊಯ್ದಿತ್ತು. ಕಣ್ಣು, ಮೂಗು, ಗಲ್ಲ ಎಲ್ಲ ರಕ್ತ.

ರೇಂಜ್ ನೋಡಿಕೊಳ್ಳುತ್ತಿದ್ದವರು ಸೈನ್ಯದಿಂದ ನಿವೃತ್ತರಾದ ಹಿರಿಯರು. ಟವೆಲ್ ಹಿಡಿದು ಓಡಿ ಬಂದು, "ಮೊದಲು ರೈಫಲ್ ಕೆಳಗಿಡಿ ಸಾರ್," ಎಂದರು. ಅಷ್ಟಕ್ಕೆ ಅಣ್ಣ ಅವರ ಮೂಗಿಗೆ ಗುದ್ದಿದ. ಅವರು ಮೇಜಿನ ಮೇಲೆ ಬಿದ್ದರು. ಎದ್ದು ಅದೇ ಟವೆಲಿನಿಂದ ತಮ್ಮ ಮೂಗು ಒತ್ತಿಕೊಂಡು, "ಮೇಡಂ, ಇವರನ್ನ ಇನ್ನೊಂದ್ಸಲ ಇಲ್ಲಿಗೆ ಕರ್ಕೊಂಡು ಬರ್ಬೇಡಿ," ಎಂದಷ್ಟೇ ಹೇಳಿದರು. ಅವರು ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ದಾರಿಯ ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದೆವು. ನಾನು ನೇರ ಒಳಗೆ ಹೋಗಿ ರೈಫಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಕೈಯಲ್ಲೇ ಇಟ್ಟುಕೊಂಡೆ. ಅಷ್ಟರಲ್ಲಿ ಹೊರಗೆ ಚಿಕ್ಕಪ್ಪನ ಮಗನ ದನಿ ಕೇಳಿತು. ಪಕ್ಕದ ಸೈಟು ಅವನದು. ಅಲ್ಲಿ ಅವನು ಕಟ್ಟಿಸುತ್ತಿದ್ದ ಮೆಟ್ಟಿಲು ನಮ್ಮ ಕಡೆಗೆ ಚಾಚಿದೆ ಎಂದು ತಿಂಗಳುಗಳಿಂದ ಜಗಳವಿತ್ತು.

"ಏನ್ ಗುರು, ತಲೆಗೆ ಪಟ್ಟಿ? ಗುಂಡು ಹಿಂದಕ್ಕೆ ಹಾರ್ತಾ?"

ನಾನು ಬಾಗಿಲಿಗೆ ಬರುವಷ್ಟರಲ್ಲಿ ಅಣ್ಣ ಮೆಟ್ಟಿಲ ಬುಡದಲ್ಲಿದ್ದ ಹಾರೆ ಎತ್ತಿಕೊಂಡಿದ್ದ. ಚಿಕ್ಕಪ್ಪನ ಮಗ ತಲೆಗೆ ಅಡ್ಡಲಾಗಿ ಕೈ ಹಿಡಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು, ಒಣ ಸೌದೆ ಮುರಿದ ಹಾಗೆ. ಅವನ ಕಡೆಯವರೊಬ್ಬರು ಎಸೆದ ಇಟ್ಟಿಗೆ ಅಣ್ಣನ ಬೆನ್ನಿಗೆ ಬಿತ್ತು. ಹಾರೆ ಬಿಸಾಡಿ ಅವನು ನನ್ನ ಕಡೆ ಓಡಿ ಬಂದ.

"ಕೀ ಕೊಡು."

"ಇಲ್ಲ."

"ಕೊಡೇ! ಇವತ್ತು ಅವನ್ನ ಮುಗಿಸಿಬಿಡ್ತೀನಿ."

ನಾನು ಮುಷ್ಟಿ ಬಿಗಿ ಹಿಡಿದೆ. ಅವನು ಒಂದೊಂದೇ ಬೆರಳು ಬಿಡಿಸತೊಡಗಿದ. ಕಿರುಬೆರಳು ಹಿಂದಕ್ಕೆ ಮುರಿದಾಗ ಕೂಗಿಕೊಂಡೆ, ಆದರೂ ಕೀಲಿ ಬಿಡಲಿಲ್ಲ. ಆಗ ಅವನ ಎರಡೂ ಕೈ ನನ್ನ ಕತ್ತಿಗೆ ಬಂದವು. ಪಟ್ಟಿಯಿಂದ ಸೋರಿದ ಬಿಸಿ ರಕ್ತ ನನ್ನ ಹಣೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಚಿಕ್ಕಂದಿನಲ್ಲಿ ಕೆರೆ ಏರಿಯ ಮೇಲೆ ನನ್ನನ್ನು ಹೆಗಲಿಗೇರಿಸಿ ನಡೆದವನ ಮುಖ ಅದು. ಅದರಲ್ಲಿ ನನ್ನ ಗುರುತೇ ಇರಲಿಲ್ಲ.

ಬಿಡಿಸಿದ್ದು ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದ ಕೊಪ್ಪಳದ ಹೆಂಗಸು. ನಲ್ಲಿಯಿಂದ ನೀರು ತರುತ್ತಿದ್ದವಳು, "ಬಿಡ್ರೀ ಅಣ್ಣಾರ, ಅಕ್ಕಾರು ಸಾಯ್ತಾರ!" ಎಂದು ಚೀರಿದಳು. ಅವನು ಬಿಡಲಿಲ್ಲ. ಅವಳು ತುಂಬಿದ ಸ್ಟೀಲ್ ಕೊಡವನ್ನು ಎತ್ತಿ ಅವನ ಹೆಗಲ ಮೇಲೆ ಅಪ್ಪಳಿಸಿದಳು. ಅಣ್ಣ ಕುಸಿದು ಕೂತ. ನೀರು, ರಕ್ತ ಒಟ್ಟಿಗೆ ಹೊಸಿಲು ದಾಟಿ ಹರಿದವು. ಅವನು ಎರಡೂ ಕೈಗಳನ್ನು ಮುಂದಿಟ್ಟುಕೊಂಡು ನೋಡುತ್ತ, "ನಾನೇನ್ ಮಾಡ್ಬಿಟ್ಟೆ?" ಎಂದ.

ಪೊಲೀಸರು ಬಂದರು. ಅಣ್ಣನ ರೈಫಲ್ ಠಾಣೆಗೆ ಹೋಯಿತು, ಅವನ ಲೈಸೆನ್ಸ್ ರದ್ದಾಯಿತು, ಅವನು ಕೆಲವು ವಾರ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ. ಚಿಕ್ಕಪ್ಪನ ಮಗನ ಮುರಿದ ಕೈಗೆ ಆಸ್ಪತ್ರೆಯಲ್ಲಿ ಸ್ಟೀಲಿನ ಸರಳು ಹಾಕಿದರು. ಕೇಸು ಇನ್ನೂ ನಡೆಯುತ್ತಿದೆ. ಕೊಪ್ಪಳದ ಹೆಂಗಸು ಅಣ್ಣ ಬರುವ ಮುಂಚೆಯೇ ರೂಮು ಖಾಲಿ ಮಾಡುತ್ತೇನೆಂದಳು. "ಇದು ನಿನ್ನ ಮನೆ, ನೀನು ಯಾಕೆ ಹೋಗ್ತೀಯ?" ಎಂದು ತಡೆದೆ. ನಾನೂ ಬೇರೆ ಕಡೆ ಹೋಗಲಿಲ್ಲ. ಮಹಡಿಗೆ ಪ್ರತ್ಯೇಕ ಬಾಗಿಲು ಇಡಿಸಿಕೊಂಡು ಇದ್ದೇನೆ.

ಬೆರಳು ಸೊಟ್ಟಗೇ ಕೂಡಿತು. ಮತ್ತೆ ನನ್ನ ರೈಫಲ್ ಹಿಡಿಯಲು ಬಹಳ ದಿನ ಬೇಕಾಯಿತು. ಹಿಡಿದಾಗ, ಅಂದು ಅಣ್ಣನ ಮುಂದಿಟ್ಟಿದ್ದಂಥ ಸ್ಕೋಪನ್ನೇ ನನಗಾಗಿ ಕೊಂಡೆ. ಭಾರದ ಗುಂಡಿಗೆ ಕೆಂಪು, ಹಗುರದ್ದಕ್ಕೆ ಬಿಳಿ, ತಿರುಪಿನ ಮೇಲೆ ನೇಲ್ ಪಾಲಿಶಿನಲ್ಲಿ ಗುರುತು ಹಾಕಿದೆ. ಮೊದಲ ಭಾರದ ಗುಂಡು ಹೊಡೆಯುವ ಮುನ್ನ ಎರಡು ಸಲ ಎದ್ದು ಹೋದೆ.

ಕಳೆದ ಚಳಿಗಾಲದಲ್ಲಿ ಅಣ್ಣ ತಾನೂ ರೇಂಜಿಗೆ ಬರುತ್ತೇನೆಂದ. ಗೇಟಿನಲ್ಲೇ ನಿಂತು, ತಾನು ಅಂದು ಮೂಗಿಗೆ ಗುದ್ದಿದ್ದ ಹಿರಿಯರ ಕಾಲು ಮುಟ್ಟಿದ. ಅವರು ನನ್ನ ಮುಖ ನೋಡಿ, ಒಳಗೆ ಬಿಟ್ಟರು. ಯಾವ ಬಂದೂಕನ್ನೂ ಮುಟ್ಟಕೂಡದು ಎಂದು ಹೇಳಿದರು. ಅವನು ಕುರ್ಚಿ ತಂದು ನನ್ನ ಬೆನ್ನ ಹಿಂದೆ ಹಾಕಿಕೊಂಡು ಕೂತ. ನಾನು ಗುರಿಯಿಟ್ಟೆ. ಮತ್ತೆ ರೈಫಲ್ ಕೆಳಗಿಟ್ಟು, ಹಿಂದಕ್ಕೆ ತಿರುಗಿ ಅವನ ಕೈಗಳನ್ನು ನೋಡಿದೆ.

"ಅಣ್ಣ, ಈ ಕಡೆ ಬಂದು ಕೂತ್ಕೋ. ನಂಗೆ ಕಾಣೋ ಹಾಗೆ."

ಅವನು ಕುರ್ಚಿ ಎತ್ತಿಕೊಂಡು ನನ್ನ ಬಲಕ್ಕೆ ಬಂದು ಕೂತು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ.