ಉಮರ್ಗಾದ ಸಿಮೆಂಟಿನ ಅಂಗಳ

ಹೈದರಾಬಾದಿನ ಪೊಲೀಸ್ ಆ್ಯಕ್ಷನ್ ಆದ ಮೇಲೆ, ರಜಾಕಾರರ ಹಾವಳಿಗೆ ಊರು ಬಿಟ್ಟು ಓಡಿದ್ದ ನನ್ನ ಮಾವನವರು ಸೊಲ್ಲಾಪುರದಿಂದ ಉಮರ್ಗಾಕ್ಕೆ ಮರಳಿ ಬಂದು, ಲೂಟಿಯಾಗಿದ್ದ ಮನೆಯನ್ನೂ ಕಾಳಿನ ಅಂಗಡಿಯನ್ನೂ ಮತ್ತೆ ಕಟ್ಟಿಸಿದರು. ಅಂಗಡಿಯ ಮುಂದೆ ಸಿಮೆಂಟಿನ ಅಂಗಳ ಹಾಕಿಸಿದರು. ನಮ್ಮ ಓಣಿಗೆ ಅದೇ ಮೊದಲ ಸಿಮೆಂಟು. ಅದು ಒಣಗಿದ ದಿನ ಅವರು ಮೇಲೆ ನಿಂತು, "ಇನ್ನ ನಾವು ಎಲ್ಲಿಗೂ ಓಡಂಗಿಲ್ಲ" ಅಂದಿದ್ದರಂತೆ.

ನಾನು ದಾಳಿಂಬ ಎಂಬ ಹಳ್ಳಿಯ ಒಕ್ಕಲುತನದ ಮನೆಯವಳು. ಸೊಸೆಯಾಗಿ ಬರುವ ಹೊತ್ತಿಗೆ ಆ ಅಂಗಳ ಬಂಡಿಯ ಕೀಲೆಣ್ಣೆ, ಸಗಣಿ, ಮಳೆಗಾಲದ ಪಾಚಿಯಿಂದ ಕಪ್ಪಗಾಗಿತ್ತು. ಆ ಶ್ರಾವಣದಲ್ಲಿ ಮಠದ ಅಯ್ಯನವರು ಪಾದಪೂಜೆಗೆ ಬರುವುದು ಗೊತ್ತಾಯಿತು. ಮೈದುನ ಹಿತ್ತಲ ಬಾವಿಯ ನೀರೆತ್ತುವ ಎಣ್ಣೆ ಇಂಜಿನ್ನಿಗೆ ರಬ್ಬರಿನ ಪೈಪು ಕಟ್ಟಿ, ತುದಿಗೆ ಸಣ್ಣ ತಗಡಿನ ಮೂತಿ ಹಾಕಿಸಿದ. ನೀರು ಬಾಣದ ಹಾಗೆ ಚಿಮ್ಮಿತು. ಅವನು ಉತ್ಸಾಹದಿಂದ ಮನಸ್ಸಿಗೆ ಬಂದ ಕಡೆ ಬೀಸಿದ. ಹಸಿಯಾಗಿದ್ದಾಗ ಎಲ್ಲ ಚೆಂದ ಕಂಡಿತು. ಬಿಸಿಲಿಗೆ ಒಣಗಿದ ಮೇಲೆ ಮಾವನವರ ಮುಖ ಬಾಡಿತು.

"ಇದೇನಪ್ಪಾ, ಹುಲಿ ಚರ್ಮ ಹಾಸಿದಂಗ ಆಗ್ಯದ!"

ನಿಜ. ನೀರು ಹತ್ತಿರದಿಂದ ಬಿದ್ದಲ್ಲಿ ಬಿಳಿ ಗೆರೆ, ನಡುವೆ ಕರಿ ಪಟ್ಟೆ. ಅದನ್ನು ನೋಡುತ್ತಲೇ ನನಗೆ ತವರಿನ ನೆಲ ಸಾರಿಸುವುದು ನೆನಪಾಯಿತು. ಸಗಣಿ ಬಳಿಯುವ ಕೈಯ ಒಂದು ಬೀಸಿನ ಅರ್ಧದ ಮೇಲೆ ಇನ್ನೊಂದು ಬರದಿದ್ದರೆ ಅಲ್ಲೂ ಹೀಗೇ ಗೆರೆ ಏಳುತ್ತಿದ್ದವು.

"ಅತ್ತಿ, ನಾ ಒಮ್ಮೆ ಮಾಡಿ ನೋಡ್ಲೇನ್ರೀ?" ಎಂದು ಮೆಲ್ಲಗೆ ಕೇಳಿದೆ.

ಬಜಾರಿನ ದಾರಿ, ಎದುರಿಗೆ ಗಂಡಸರು. ಅತ್ತೆ ಒಂದು ಗಳಿಗೆ ಯೋಚಿಸಿದರು. "ಸೆರಗು ಸೊಂಟಕ್ಕ ಸಿಗಸ್ಕೊ. ನಾ ಇಲ್ಲೇ ನಿಂದಿರ್ತೀನಿ, ಯಾರೇನಂತಾರ ನೋಡ್ತೀನಿ."

ಮೊದಲು ಕಸ ಗುಡಿಸಿದೆವು. ಎಣ್ಣೆಯ ಕಲೆಗಳಿಗೆ ಬೂದಿ, ಸೋಡಾ ಕಲಸಿ ಹಚ್ಚಿ ನೆನೆಯಲು ಬಿಟ್ಟೆವು. ಅತ್ತೆಯೂ ನಾನೂ ಕೂತು ತೆಂಗಿನ ನಾರಿನಿಂದ ತಿಕ್ಕಿದೆವು. ಆಮೇಲೆ ಅಂಗಳವೆಲ್ಲ ಒಂದೇ ಸಮನೆ ತೋಯಿಸಿ, ಎತ್ತರದ ಬದಿಯಿಂದ ಶುರು ಮಾಡಿದೆ. ಮೂತಿಯನ್ನು ಮೊಣಕಾಲ ಮಟ್ಟಕ್ಕೇ ಹಿಡಿದೆ, ಮೇಲೆ ಕೆಳಗೆ ಆಗಗೊಡಲಿಲ್ಲ. ಒಂದು ಪಟ್ಟಿ ತೊಳೆದು, ಅದರ ಅರ್ಧದ ಮೇಲೆ ಇನ್ನೊಂದು ಬರುವಂತೆ ಸಾಗಿದೆ. ಎಲ್ಲಿಯೂ ನಿಲ್ಲಲಿಲ್ಲ. ನಿಂತಲ್ಲಿ ಗುಂಡನೆಯ ಬಿಳಿ ಕಲೆ ಬೀಳುತ್ತಿತ್ತು. ಮೈದುನ ಬೇಸರಿಸದೆ ಹಿಂದೆ ಹಿಂದೆ ಪೈಪು ಎಳೆದುಕೊಂಡು ಬಂದ. "ವಹಿನಿ, ಜರಾ ಬಲಕ್ಕ" ಎಂದು ಅತ್ತಿಗೆಯಾದ ನನಗೆ ಕೂಗಿ ಹೇಳುತ್ತಿದ್ದ. ನನ್ನ ಸೀರೆ ಕೆಸರಿನಲ್ಲಿ ನೆಂದು ಭಾರವಾಗಿತ್ತು. ಕೈಯಲ್ಲಿ ಮಾತ್ರ ಒಂದು ಹದ ಕೂತಿತ್ತು.

ಒಣಗುವ ತನಕ ನಾನು ಒಳಗೆ ಹೋಗಿ ರೊಟ್ಟಿ ತಟ್ಟುತ್ತ ಕೂತೆ. ಹೊರಗೆ ನೋಡುವ ಧೈರ್ಯವಾಗಲಿಲ್ಲ. ಆಗ ಅತ್ತೆ ಬಾಗಿಲಲ್ಲಿ ನಿಂತು, "ಬಾ ಇಲ್ಲಿ" ಅಂದರು.

ಅಂಗಳ ಅಂಚಿನಿಂದ ಅಂಚಿಗೆ ಒಂದೇ ಬಣ್ಣ, ಬೂದು ಬಿಳುಪು. ಮಾವನವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅದರ ಮೇಲೆ ನಡೆಯುತ್ತಿದ್ದರು. ಲೋಹಾರಾದಿಂದ ತೊಗರಿ ತಂದಿದ್ದ ವ್ಯಾಪಾರಿ ಎತ್ತು ನಿಲ್ಲಿಸಿ, ಇದನ್ನು ಯಾರು ತೊಳೆದರು ಎಂದು ಮರಾಠಿಯಲ್ಲಿ ಕೇಳಿದ. ಮಾವನವರು ನನ್ನ ಕಡೆ ತಿರುಗಿ ನೋಡಲಿಲ್ಲ. ಓಣಿಗೆಲ್ಲ ಕೇಳುವಂತೆ, "ಆಮಚ್ಯಾ ಸುನೇನಂ" ಅಂದರು. ನಮ್ಮ ಸೊಸೆ ಎಂದು.

ಬಾಗಿಲ ಹಿಂದೆ ನಿಂತ ನಾನು ಸೆರಗು ತಲೆಯ ಮೇಲೆ ಎಳೆದುಕೊಂಡೆ. ನಗು ಮಾತ್ರ ಅದರೊಳಗೆ ಅಡಗಲಿಲ್ಲ.