ಅಸ್ಥಿಪಂಜರದ ಮುಷ್ಟಿಯಲ್ಲಿದ್ದ ಕೀಲಿಕೈ

ವೆಲ್ಲಿಂಗ್ಟನ್ನಿನ ನಮ್ಮ ಆಫೀಸಿನಲ್ಲಿ ಆಗ ಒಂದು ರೋಮನ್ ಊರನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುತ್ತಿದ್ದೆವು. ಸಾಮ್ರಾಜ್ಯದ ಕೊನೆಗಾಲದ ಗಡಿ ಊರು. ಭೂಕಂಪಕ್ಕೆ ಬಿದ್ದು ಮಣ್ಣಾದದ್ದು. ಉತ್ಖನನದ ಫೋಟೋಗಳನ್ನು ಜೋಡಿಸಿ ಗೋಡೆ, ಬಾಗಿಲು ಎಬ್ಬಿಸುವುದು ನನ್ನ ಕೆಲಸ. ಅವತ್ತು ಸ್ಕ್ರೀನಿನ ಮೇಲೆ ಒಂದು ಹೊಸ್ತಿಲಿತ್ತು, ಅದರ ಮೇಲೆ ಬೋರಲು ಬಿದ್ದ ಅಸ್ಥಿಪಂಜರ, ಮುಷ್ಟಿಯಲ್ಲಿ ಒಂದು ಕೀಲಿಕೈ.

"ಖಜಾನೆಯದ್ದೇ ಇರಬೇಕು," ಅಂದಳು ನಮ್ಮ ಪುರಾತತ್ವಜ್ಞೆ ಹೆಲೆನ್. "ಪ್ರಾಣ ಹೋದರೂ ಬಿಟ್ಟಿಲ್ಲ ನೋಡು. ದೊಡ್ಡ ಅಧಿಕಾರಿ."

ಆಗಲೇ ನೆಲ ಗುಡುಗಿತು. ಕಿಟಕಿಗಳು ಗಲಗಲ ಅಂದವು, ಮಾನಿಟರ್ ಕುಣಿಯಿತು. ಇಂಥ ಹೊತ್ತಲ್ಲಿ, ಭೂಕಂಪ ರೂಢಿಯಾಗಿಹೋದ ಇಲ್ಲಿಯವರು ಮೇಜಿನ ಕೆಳಗೆ ನುಗ್ಗುತ್ತಾರೆ. ಆಫೀಸಿನ ಭೂಕಂಪದ ಡ್ರಿಲ್‌ನಲ್ಲಿ ನಾನೂ ಎಷ್ಟೋ ಸಲ ನುಗ್ಗಿದ್ದೆ. ಆದರೆ ನಾನು ಕಲಬುರಗಿಯವಳು. ಭೂಮಿ ಅಲುಗಿತೆಂದರೆ "ಹೊರಗ ಓಡ್ರಿ" ಅನ್ನುವ ಅವ್ವನ ಕೂಗೇ ಮೈಯಲ್ಲಿ ಉಳಿದಿದೆ. ಬಾಗಿಲಿಗೆ ಓಡಿದೆ. ಮೇಲಿಂದ ಪ್ಲಾಸ್ಟರ್ ತಲೆಯ ಮೇಲೆ ಉದುರಿತು. ಸ್ಕ್ರೀನಿನಲ್ಲಿದ್ದವನೂ ಹೀಗೇ ಓಡಿ ಹೊಸ್ತಿಲವರೆಗೇ ಬಂದಿದ್ದ ಅಂತ ಹೊಳೆದದ್ದೇ ತಡ, ಅಲ್ಲೇ ಕುಕ್ಕರಿಸಿದೆ.

ಹೆಲೆನ್ ತೆವಳಿಕೊಂಡು ಬಂದು, ನನ್ನ ಜಾಕೆಟ್ ಹಿಡಿದು ಮೇಜಿನ ಕೆಳಗೆ ಎಳೆದಳು. "ಇಲ್ಲೇ ಇರು! ಓಡಿದವರ ಮೇಲೇ ಗಾಜು ಬೀಳೋದು!"

ಭೂಮಿ ಅಲುಗುವುದು ನಿಂತಿತು. ಬಿಗಿದುಕೊಂಡಿದ್ದ ನನ್ನ ಮುಷ್ಟಿಯನ್ನು ಅವಳೇ ಬೆರಳು ಬೆರಳಾಗಿ ಬಿಡಿಸಿದಳು. ಬಾಗಿಲ ಪಕ್ಕದ ಮೊಳೆಯಿಂದ ಯಾವಾಗ ಕಿತ್ತುಕೊಂಡಿದ್ದೆನೋ, ಒಳಗಿದ್ದದ್ದು ಆಫೀಸಿನ ಟಾಯ್ಲೆಟ್ಟಿನ ಕೀಲಿಕೈ.

ಆ ದೊಡ್ಡ ಅಧಿಕಾರಿಯ ಖಜಾನೆಯ ಬಗ್ಗೆ ಹೆಲೆನ್ ಮತ್ತೆ ಮಾತೆತ್ತಿಲ್ಲ.