ಧನಿಗಳು ನನ್ನ ಬಗ್ಗೆ ಹೇಳಿದ್ದು

ಮೂಡಬಿದ್ರಿಯ ಜವಳಿ ಅಂಗಡಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಧನಿಗಳು ನನಗೆ ಹೆದರುತ್ತಾರೆಂದೇ ತಿಳಿದಿದ್ದೆ. "ಈ ಸೀರೆ ಮುಂದೆ ಇಟ್ಟರೆ ಚಂದ ಅಂತ ನನಗೆ ಕಾಣ್ತದೆ, ತಪ್ಪಿರಲೂಬಹುದು" ಎನ್ನುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಗೌರವ ಇರಬೇಕೆಂದು ನಾನು ಕಾಲರ್ ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ. ಒಂದು ದಿನ ಮೂಟೆ ಹೊರುವ ಹುಕ್ರಪ್ಪನಿಗೂ ಹಾಗೆಯೇ ಹೇಳಿದರು. ಮರುದಿನ ಬೆಕ್ಕಿಗೂ.

ಧನಿಗಳೆಂದರೆ ಸಂಪತ್‌ಕುಮಾರರು. ಗಿರಾಕಿ ಬಣ್ಣ ಕೇಳಿದರೆ ಸೀರೆಯನ್ನು ತಾವೇ ಹೊತ್ತು ರಸ್ತೆಯ ಬಿಸಿಲಿಗೆ ಇಳಿಯುವವರು. "ಬಣ್ಣ ಬಿಡ್ಲಿಕ್ಕಿಲ್ಲ ಅಂತ ಕಾಣ್ತದೆ. ತಪ್ಪಿರಲೂಬಹುದು."

"ನೀವು ಮಾರ್ಲಿಕ್ಕೆ ಕೂತದ್ದಾ, ನಮ್ಮನ್ನು ಓಡಿಸ್ಲಿಕ್ಕೆ ಕೂತದ್ದಾ?" ಎಂದು ಪುತ್ತಿಗೆಯ ನಫೀಸಮ್ಮ ಬೈದು, ಕೊಂಡು ಹೋದರು. ಬಣ್ಣ ಬಿಟ್ಟಿತು. ಮುಂದಿನ ಹಬ್ಬಕ್ಕೆ ಇನ್ನಷ್ಟು ಬೈದು ಇನ್ನೊಂದು ಕೊಂಡರು.

ನನಗೆ ತೊಂದರೆಯಾದದ್ದು ಶಿರ್ತಾಡಿಯ ಪೂವಮ್ಮನನ್ನು ನೋಡಿ ಬಂದ ಮೇಲೆ. ಊಟ ಸೇರುತ್ತಿರಲಿಲ್ಲ. ನಮ್ಮ ಕಡೆ ಹುಡುಗಿಯ ಅಪ್ಪ ಒಪ್ಪಿದರೆ ಸಾಲದು, ಸೋದರಮಾವ ಒಪ್ಪಬೇಕು. ಪೂವಮ್ಮನ ಸೋದರಮಾವ ಚನಿಯಪ್ಪನವರು ಹುಡುಗ ಕೆಲಸ ಮಾಡುವಲ್ಲಿ ವಿಚಾರಿಸದೆ ಹೂಂ ಎನ್ನುವವರಲ್ಲ.

"ಈ ಒಂದು ಸಲ ಆ 'ತಪ್ಪಿರಲೂಬಹುದು' ಅನ್ನುವ ಬಾಲ ಬಿಟ್ಟು ಮಾತಾಡಿ ಧನಿಗಳೇ," ಎಂದು ಗೋಗರೆದೆ.

"ನೋಡುವ" ಎಂದರು.

ಚನಿಯಪ್ಪನವರು ಬಂದಾಗ ನಾನು ಬಟ್ಟೆಯ ಮೂಟೆಗಳ ಹಿಂದೆ ಅಡಗಿದೆ. ಈ ಭಾಗವನ್ನು ನನ್ನ ಹೆಂಡತಿ ಪೂವಮ್ಮ ಈಗ ನೆಂಟರೆದುರು ಕುಕ್ಕರಗಾಲಲ್ಲಿ ಕೂತು ತೋರಿಸುತ್ತಾಳೆ.

ಧನಿಗಳು ಬೆಲ್ಲ ನೀರು ಕೊಟ್ಟರು.

"ಹುಡುಗ ಹೇಗೆ?"

"ಒಳ್ಳೆಯವ ಅಂತ ನನಗೆ ಕಾಣ್ತದೆ. ತಪ್ಪಿರಲೂಬಹುದು."

ಬಾಯಿಗೆ ಹೋಗುತ್ತಿದ್ದ ಬೆಲ್ಲ ತಟ್ಟೆಗೆ ಮರಳಿತು. "ಕುಡಿಯುವ ಅಭ್ಯಾಸ ಉಂಟಾ?"

"ನಾನು ಕಂಡದ್ದಿಲ್ಲ. ಆದರೆ ನಾವು ಜೈನರು, ಕತ್ತಲಾಗುವ ಮೊದಲೇ ಊಟಕ್ಕೆ ಮನೆಗೆ ಹೋಗ್ತೇನಲ್ಲ, ಆಮೇಲಿನದು ಗೊತ್ತಿಲ್ಲ."

ಮೂಟೆಯ ಹಿಂದೆ ನನ್ನ ಮದುವೆ ಮುರಿದ ಸದ್ದು ನನಗೇ ಕೇಳಿಸಿತು.

"ಎಂತ ಮಾರಾಯ್ರೇ ಇದು!" ಚನಿಯಪ್ಪನವರು ಎದ್ದು ನಿಂತರು. "ಎಲ್ಲರೂ ಹುಡುಗ ಚಿನ್ನ ಅಂತಾರೆ, ನೀವೊಬ್ಬರು ಹೀಗೆ. ಸುತ್ತುವುದು ಬೇಡ. ನೀವು ನಮ್ಮವರೇ ಆಗಿದ್ದರೆ ಇವನಿಗೆ ನಿಮ್ಮ ಮಗಳನ್ನು ಕೊಡ್ತಿದ್ರಾ?"

ಧನಿಗಳು ಸೀರೆ ಮಡಚುವುದನ್ನು ನಿಲ್ಲಿಸಿದರು.

"ಕೊಡ್ತಿದ್ದೆ. ಖಾತ್ರಿಯೇ ಬೇಕಾದರೆ ಹುಡುಗಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ."